ಹಿಂದಿ ರಾಷ್ಟ್ರಭಾಷಾ ಅಲ್ಲೇನ್ರೀ ಸರ?

ಪ್ರಶ್ನೆ: ನಮ್ಮ ರಾಷ್ಟ್ರಭಾಷೆ ಹಿಂದಿ. ಹಾಗಿದ್ದರೂ ಕರ್ನಾಟಕದ ಕಚೇರಿಗಳಲ್ಲಿ ಕನ್ನಡ ನಡೆಯೋದು ಹೇಗೆ?

ಉತ್ತರ: ಮತ್ತೆ ಬಂತು ನೋಡಿ. ಇದನ್ನು ಕೇಳುವವರಲ್ಲಿ ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್‌ಗೆ ಓದುವ ಹುಡುಗರೇ ಜಾಸ್ತಿ. ಬೇಜಾರು ಅದಕ್ಕೇ.

ಕಚೇರಿಯ ಮಾತು ಸಣ್ಣದು. ಸಂವಿಧಾನದ 345ನೇ ವಿಧಿಯ ಪ್ರಕಾರ ರಾಜ್ಯದ ಆಡಳಿತ ಭಾಷೆಯನ್ನು ಆ ರಾಜ್ಯವೇ ಆರಿಸಿಕೊಳ್ಳಬಹುದು. ನಾವು 1963ರ ಕಾಯ್ದೆಯಲ್ಲಿ ಕನ್ನಡ ಆರಿಸಿಕೊಂಡೆವು. ಮುಗೀತು.

ಇನ್ನು ‘ರಾಷ್ಟ್ರಭಾಷೆ’. 343ರಿಂದ 351ರವರೆಗೆ ಬೆರಳಿಟ್ಟು ಓದಿ. ಹಿಂದಿ ರಾಷ್ಟ್ರಭಾಷೆ ಅಂತ ಎಲ್ಲೂ ಇಲ್ಲ. 343 ಹೇಳೋದು ಇಷ್ಟೇ: ಒಕ್ಕೂಟದ ಆಡಳಿತ ಭಾಷೆ ದೇವನಾಗರಿ ಲಿಪಿಯ ಹಿಂದಿ. ಅಂದರೆ ಕೇಂದ್ರ ಸರ್ಕಾರದ ಕಡತದ ಭಾಷೆ. ಇಂಗ್ಲಿಷಿಗೆ 15 ವರ್ಷದ ಗಡುವು ಇತ್ತು, 1965ಕ್ಕೆ ಮುಗಿಯಬೇಕಿತ್ತು. ತಮಿಳುನಾಡು ಹೊತ್ತಿ ಉರಿಯಿತು. ಕೇಂದ್ರದ ಆಡಳಿತ ಭಾಷಾ ಕಾಯ್ದೆಗೆ ತಂದ 1967ರ ತಿದ್ದುಪಡಿಯಿಂದ ಇಂಗ್ಲಿಷ್ ಗಟ್ಟಿಯಾಗಿ ಉಳಿಯಿತು.

‘ಹಾಗಾದ್ರ ಎಂಟನೇ ಅನುಸೂಚಿಯ 22 ಭಾಷೆಗಳೂ ರಾಷ್ಟ್ರಭಾಷೆನೇ ಏನ್ರೀ?’ ಅಂತ ಒಬ್ಬ ಕೇಳಿದ. ಅಲ್ಲಪ್ಪಾ. ಅದು ಒಂದು ಪಟ್ಟಿ. ಶುರುವಿನಲ್ಲಿ 14 ಇದ್ದವು, ಆಮೇಲೆ ಸೇರುತ್ತಾ ಹೋದವು.

ಈ ತಪ್ಪು ಎಲ್ಲಿಂದ ಬಂತು ಅಂತ ನನಗೊಂದು ಗುಮಾನಿ ಇದೆ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯನ್ನು ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದರು. ನಮ್ಮ ಧಾರವಾಡದಲ್ಲೂ ಅದರ ಶಾಖೆ ಇದೆ. ಅದರ ಪರೀಕ್ಷೆಗಳು ಪ್ರಾಥಮಿಕ, ಮಧ್ಯಮಾ, ಆಮೇಲೆ ‘ರಾಷ್ಟ್ರಭಾಷಾ’. ನಾನೂ ಕಟ್ಟಿ ಪಾಸಾದವನೇ. ಸರ್ಟಿಫಿಕೇಟು ಇನ್ನೂ ಟ್ರಂಕಿನಲ್ಲಿದೆ. ಅದು ಪರೀಕ್ಷೆಯ ಹೆಸರು ಮಾರಾಯ್ರೇ, ಸಂವಿಧಾನದ ವಿಧಿ ಅಲ್ಲ!

ರಾಷ್ಟ್ರಭಾಷೆ, ಆಡಳಿತ ಭಾಷೆ ಎರಡೂ ಬೇರೆ ಅನ್ನೋದು ತಿಳಿಯಬೇಕಾದರೆ ಸಿಂಗಪುರ ನೋಡಿ. ಅಲ್ಲಿನ ರಾಷ್ಟ್ರಭಾಷೆ ಮಲಯ್, ರಾಷ್ಟ್ರಗೀತೆಯೂ ಅದರಲ್ಲೇ. ಆಡಳಿತ ಭಾಷೆಗಳು ಮಾತ್ರ ನಾಲ್ಕು: ಮಲಯ್, ಚೀನಿ, ತಮಿಳು, ಇಂಗ್ಲಿಷ್. ಸರ್ಕಾರದ ಕೆಲಸ ಬಹುಪಾಲು ನಡೆಯೋದು ಇಂಗ್ಲಿಷಿನಲ್ಲಿ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಆದರೂ ತೀರ್ಪು ಇಂಗ್ಲಿಷಿನಲ್ಲಿ ಯಾಕೆ? 348ನೇ ವಿಧಿ ನೋಡಿ. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಇಂಗ್ಲಿಷ್. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನಲ್ಲಿ ರಾಜ್ಯದ ಭಾಷೆಯನ್ನೂ ಬಳಸಲು ಅನುಮತಿ ಕೊಡಬಹುದು. ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಅದು ಸಿಕ್ಕಿದೆ. ಕನ್ನಡಕ್ಕೆ ಇಲ್ಲ.

ನಮ್ಮ ಸೋದರಮಾವನ ಹೊಲದ ಕೇಸು ತಾಲೂಕು ಕೋರ್ಟಿನಲ್ಲಿ ಪೂರ್ತಿ ಕನ್ನಡದಲ್ಲೇ ನಡೆಯಿತು. ‘ಬದು ಒತ್ಯಾನ್ರೀ’ ಅಂತ ಸಾಕ್ಷಿ ಹೇಳಿದ್ದು ಹಾಗೇ ದಾಖಲಾಗಿತ್ತು. ಅಪೀಲಿಗೆ ಹೋದಾಗ ಆ ಎರಡು ಪದವನ್ನೂ ಇಂಗ್ಲಿಷಿಗೆ ಮಾಡಿಸಬೇಕಾಯಿತು. ತರ್ಜುಮೆಗೆ ಪುಟದ ಲೆಕ್ಕದಲ್ಲಿ ಮಾವ ದುಡ್ಡು ಎಣಿಸಿದರು. ಕೊನೆಗೆ ಆ ಕಾಗದ ಓದಲಿಕ್ಕೆ ನನ್ನನ್ನೇ ಕರೆಸಿದರು.