ಹುಟ್ಟೂರು ಮರೆಯದ ಕಲ್ಲು

ಮೇ ತಿಂಗಳ ಮಳೆ ಬಿದ್ದು ಆಲೂಗಡ್ಡೆಗೆ ಹೊಲ ಉತ್ತ ಮೇಲೆ, ಹಾಸನದ ಸುತ್ತಮುತ್ತ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲು ಬೆಳ್ಳಗೆ ಎದ್ದು ಕಾಣುತ್ತದೆ. ಜೊತೆಗೆ ಎಲ್ಲೋ ಒಂದು ಬಾಟಲಿ ಚೂರೂ ಇರುತ್ತದೆ. ಆ ಗಾಜನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಏಟು ಬಿದ್ದ ಕಡೆ ಸಣ್ಣದೊಂದು ಉಬ್ಬು. ಅಲ್ಲಿಂದ ಆಚೆಗೆ, ಕೆರೆಗೆ ಕಲ್ಲು ಎಸೆದಂತೆ, ಅಲೆಯ ಹಿಂದೆ ಅಲೆ.

ಅಬ್ಸಿಡಿಯನ್ ಒಡೆಯುವುದೂ ಹೀಗೇ. ಅದು ಜ್ವಾಲಾಮುಖಿಯ ಗಾಜು. ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ಅಂಶ, ಜಾಸ್ತಿ ಇರುವ ಲಾವಾ, ಹರಳುಗಟ್ಟಲು ಪುರುಸೊತ್ತೇ ಇಲ್ಲದಷ್ಟು ಬೇಗ ಆರಿದಾಗ ಹುಟ್ಟುತ್ತದೆ. ಪಳಗಿದ ಕೈ ಹದವಾಗಿ ಹೊಡೆದರೆ ಹರಿತವಾದ ಚಕ್ಕೆ ಬೇಕಾದ ಹಾಗೆ ಏಳುತ್ತದೆ. ಹಿಂದಿನ ಕಾಲದವರು ಕೊಯ್ಯಲು ಇಂಥ ಚಕ್ಕೆಗಳನ್ನು ಬಳಸುತ್ತಿದ್ದರು.

ನಮ್ಮ ಹೊಲಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ. ಗೊರೂರು, ಹೊಳೆನರಸೀಪುರದ ಕಡೆಯ ಬಂಡೆಗಳಿಗೆ 300 ಕೋಟಿ ವರ್ಷಕ್ಕೂ ಮೇಲೆ ವಯಸ್ಸಾಗಿದೆ. ಗಾಜು ಅಷ್ಟು ಕಾಲ ಗಾಜಾಗಿ ಉಳಿಯುವುದಿಲ್ಲ, ನಿಧಾನವಾಗಿ ಹರಳುಗಟ್ಟಿ ಮಾಮೂಲಿ ಕಲ್ಲಾಗಿಬಿಡುತ್ತದೆ.

ನನಗೆ ಅಬ್ಸಿಡಿಯನ್ ಇಷ್ಟವಾಗುವುದು ಅದರ ಹರಿತಕ್ಕಲ್ಲ, ಅದು ಹುಟ್ಟೂರು ಹೇಳುತ್ತದೆ ಎಂಬುದಕ್ಕೆ. ಸಾರಿನ ಪುಡಿಗೆ ಧನಿಯ, ಮೆಣಸಿನಕಾಯಿ ಎಲ್ಲರ ಮನೆಯಲ್ಲೂ ಹಾಕುತ್ತಾರೆ, ಆದರೆ ಹದ ಬೇರೆ ಬೇರೆ ಅಲ್ವಾ? ಹಾಗೆಯೇ ಒಂದೊಂದು ಜ್ವಾಲಾಮುಖಿಯ ಗಾಜಿನಲ್ಲಿ ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂ ಎಂಬ ಧಾತುಗಳ ಹದ ಬೇರೆ. ಕಾನ್ ಮತ್ತು ರೆನ್‌ಫ್ರೂ ಎಂಬ ಸಂಶೋಧಕರು 1964ರಲ್ಲೇ ಈ ಹದ ಹಿಡಿದು ಮೆಡಿಟರೇನಿಯನ್ ಭಾಗದ ಕಲ್ಲುಗಳ ಮೂಲ ಗುರುತಿಸಿದ್ದರು. ಈಗ ಕಲ್ಲಿನ ಮೇಲೆ ಎಕ್ಸ್-ರೇ ಹಾಯಿಸಿದರೆ ಸಾಕು. ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಮರಳಿ ಸೂಸುತ್ತದೆ. ಕಲ್ಲಿಗೆ ಒಂದು ಗೀರೂ ಬೀಳುವುದಿಲ್ಲ.

ಗ್ರೀಸಿನ ಫ್ರಾಂಖ್ತಿ ಗುಹೆಯಲ್ಲಿ ಸಿಕ್ಕ ಸುಮಾರು 13,000 ವರ್ಷ ಹಳೆಯ ಚಕ್ಕೆಗಳು ಮೆಲೋಸ್ ದ್ವೀಪದವು. ದ್ವೀಪ ಇರುವುದು ನೂರು ಕಿಲೋಮೀಟರಿಗೂ ಆಚೆ. ಆಗ ಸಮುದ್ರದ ಮಟ್ಟ ಇಳಿದಿತ್ತು ನಿಜ, ಆದರೂ ಮೆಲೋಸ್ ದ್ವೀಪವಾಗಿಯೇ ಇತ್ತು. ಅಂದರೆ ಕೃಷಿಯೇ ಗೊತ್ತಿಲ್ಲದ ಜನ ಕಡಲು ದಾಟಿದ್ದರು! ಆ ದೋಣಿ ಉಳಿದಿಲ್ಲ, ಅದು ಹೊತ್ತು ತಂದ ಕಲ್ಲು ಉಳಿದಿದೆ.

ಆದರೆ ಯಂತ್ರ ಹೇಳುವುದು ಕಲ್ಲು ಎಲ್ಲಿ ಹುಟ್ಟಿತು ಎಂದಷ್ಟೇ. ಅದು ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿತ್ತು ಎನ್ನುವುದನ್ನು ಅಗೆದವರೇ ಬರೆದಿಡಬೇಕು. ಅದಕ್ಕೇ ಪಟ್ಟಿ ಮಾಡುವ ಕೆಲಸದಲ್ಲಿ ಅಷ್ಟು ಶಿಸ್ತು. ಉದ್ದ, ಅಗಲ, ದಪ್ಪ, ತೂಕ ಅಳೆಯುತ್ತಾರೆ. ಚಕ್ಕೆಯೋ, ಚಕ್ಕೆ ತೆಗೆದು ಉಳಿದ ಗಟ್ಟಿಯೋ ನೋಡುತ್ತಾರೆ. ಒಂದು ಮೂಲೆಗೆ ತೆಳುವಾಗಿ ಪಾರದರ್ಶಕ ಮೆರುಗೆಣ್ಣೆ ಹಚ್ಚಿ, ಒಣಗಿದ ಮೇಲೆ ಸಣ್ಣ ನಿಬ್ಬಿನಲ್ಲಿ ನಂಬರ್ ಬರೆಯುತ್ತಾರೆ. ಒಂದೊಂದು ತುಂಡಿಗೂ ಬೇರೆ ಬೇರೆ ಚೀಲ. ಒಟ್ಟಿಗೆ ಹಾಕಿದರೆ ಒಂದಕ್ಕೊಂದು ಬಡಿದು ಅಂಚು ಸಿಡಿಯುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಅಂದಿನವರು ಚರ್ಮ ಕೊಯ್ದ ಗುರುತೋ, ನಮ್ಮ ಚೀಲದ ಗುರುತೋ ತಿಳಿಯುವುದಿಲ್ಲ.

ನಮ್ಮ ಬೆಣಚುಕಲ್ಲಿನ ಕಥೆ ಇನ್ನೂ ಕಷ್ಟದ್ದು. ಅದರಲ್ಲಿ ಸಿಲಿಕಾ ಬಿಟ್ಟರೆ ಬೇರೇನೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹುಟ್ಟೂರು ಹೇಳಿಸುವುದು ಬಹಳ ಕಷ್ಟ. ಅದಕ್ಕಿರುವುದು ಸಿಕ್ಕ ಜಾಗವೊಂದೇ. ಹೊಲದಲ್ಲಿ ಉಬ್ಬು, ಅಲೆ, ತಟ್ಟಿದ ಅಂಚು ಇರುವ ತುಂಡು ಕಂಡರೆ, ಅದು ಹಿಂದಿನವರು ಮಾಡಿದ ಹತಾರವಿರಬಹುದು, ಸುಮ್ನೆ ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಉಳಿಸಿಕೊಂಡು ಪುರಾತತ್ವ ಇಲಾಖೆಯವರಿಗೆ ತಿಳಿಸಿ.