ನದಿಯೇ ಒಣಗಿದರೆ ಬಚ್ಚಲು ನೀರು ಎಲ್ಲಿಗೆ?

ಕೊಳಚೆ ನೀರಿನ ಪಾಠದಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಸಂಸ್ಕರಿಸಿದ ನೀರನ್ನು ನದಿಗೆ ಬಿಟ್ಟರೆ ಉಳಿದ ಕೊಳೆಯನ್ನು ನದಿ ತಿಳಿಯಾಗಿಸುತ್ತದೆ. ನಮ್ಮದು ಹಿರಿಯೂರು ತಾಲ್ಲೂಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅಣೆಕಟ್ಟೆ ಕೆಳಗೆ ಬೇಸಿಗೆಯಲ್ಲಿ ವೇದಾವತಿ ಅಂದರೆ ಜಾಲಿ, ಮರಳು, ಅಲ್ಲಲ್ಲಿ ಒಂದು ಗುಂಡಿ ನೀರು. ತಿಳಿಯಾಗಿಸೋದು ಯಾರು? ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ ಅಂತ ಕೂತೆ.

ಮೊದಲು ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವುದೇ ಬಿಒಡಿ. ನಮ್ಮ ಲ್ಯಾಬ್‌ಗಳಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಇದು ತಲೆಗೆ ಹತ್ತಬೇಕಾದರೆ ಹಾಲನ್ನು ನೆನೆಯಿರಿ. ಹಾಲಿನ ಬಿಒಡಿ ಲೀಟರಿಗೆ ಸುಮಾರು 1 ಲಕ್ಷ ಮಿಲಿಗ್ರಾಂ. ಒಳ್ಳೆ ನೀರಿನ ಒಂದು ಲೀಟರ್‌ನಲ್ಲಿ ಕರಗಿರುವ ಆಮ್ಲಜನಕ 8 ಮಿಲಿಗ್ರಾಂ ಆಸುಪಾಸು. ಅಂದರೆ ಒಂದು ಲೀಟರ್ ಹಾಲು ಚೆಲ್ಲಿದರೆ 12,500 ಲೀಟರ್ ನೀರಿನ ಉಸಿರೇ ಖಾಲಿ! ಹಾಲು ವಿಷವಲ್ಲ, ಆದರೂ ಮೀನು ಸಾಯುತ್ತದೆ.

ಈಗ 2,000 ಜನರ ಊರು ತೆಗೆದುಕೊಳ್ಳಿ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಹಿಡಿದರೆ ದಿನಕ್ಕೆ 88,000 ಲೀಟರ್. ಅದರ ಬಿಒಡಿ ಲೀಟರಿಗೆ 250 ಮಿಲಿಗ್ರಾಂ ಅಂದುಕೊಳ್ಳಿ, ದಿನಕ್ಕೆ 22 ಕೆಜಿ ಹೊರೆ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನ ಬಿಒಡಿ ಮಿತಿ 3. ನದಿಯ ಬಿಒಡಿ 1 ಇದ್ದರೆ, ಬೆರೆತ ನೀರು ಆ ಮಿತಿಗೆ ಇಳಿಯಲು ಒಂದು ಪಾಲು ಕೊಳಚೆಗೆ ಸುಮಾರು 124 ಪಾಲು ನದಿ ನೀರು ಬೇಕು. ಸೆಕೆಂಡಿಗೆ 126 ಲೀಟರ್, ಹಗಲೂ ರಾತ್ರಿ. (ಮೊದಲ ಸಲ ನಾನು ನದಿಯನ್ನು ಸೊನ್ನೆ ಅಂತ ಹಿಡಿದು 82 ಪಾಲು ಅಂತ ಬರೆದಿದ್ದೆ. ಸೊನ್ನೆ ಬಿಒಡಿಯ ನದಿ ಎಲ್ಲಿದೆ?) ಕೊಳಚೆಯನ್ನು 30ಕ್ಕೆ ಇಳಿಸಿ ಬಿಟ್ಟರೆ ಸೆಕೆಂಡಿಗೆ 14 ಲೀಟರ್ ಸಾಕು. ಮಾರ್ಚ್‌ನಲ್ಲಿ ಅದೂ ಇರುವುದಿಲ್ಲ, ಅಲ್ವಾ?

ಹಾಗಾಗಿ ನಮ್ಮ ಕಡೆ ನೀರನ್ನು ನದಿಗೆ ಬಿಡುವುದಕ್ಕಿಂತ ಮಣ್ಣಿಗೆ, ಗಿಡಕ್ಕೆ ಬಿಡುವುದೇ ಸರಿ ಅಂತ ನನಗನಿಸುತ್ತದೆ. ಅಜ್ಜಿ ಮನೆಯಲ್ಲಿ ಬಚ್ಚಲ ಹಿಂದೆ ಬಾಳೆ, ಕೆಸು ಇರುತ್ತಿದ್ದವು. ಸೋಪಿನ ನೊರೆ ಕಲ್ಲುಗಳ ನಡುವೆ ಇಳಿದು, ಬಾಳೆ ಬುಡದಲ್ಲಿ ಕಾಣದಾಗುತ್ತಿತ್ತು. ಇಂಗುಗುಂಡಿ ಅದರದ್ದೇ ಅಚ್ಚುಕಟ್ಟು ರೂಪ. ಊರಿಗೆಲ್ಲ ಒಟ್ಟಿಗೆ ಮಾಡುವುದಾದರೆ ಮೊದಲು ಜಾಲರಿ, ಆಮೇಲೆ ಕೆಸರು ತಂಗುವ ತೊಟ್ಟಿ, ನಂತರ ಜೊಂಡು ನೆಟ್ಟ ಜಲ್ಲಿ ಹಾಸು. ಕೊನೆಗೆ ಆಳವಿಲ್ಲದ ಹೊಂಡ. ಹೊಂಡದಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಕರೆಂಟ್ ಬೇಕಿಲ್ಲ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ.

ಒಂದು ಎಚ್ಚರ: ಕೊಳಚೆಯ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ, ನೀರಿನ ಜೊತೆ ಜಾರಿ ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹಾಗಾಗಿ ಗುಂಡಿಯನ್ನು ಬೋರ್‌ವೆಲ್ ಪಕ್ಕ ತೋಡಬೇಡಿ. ಕೊಳಚೆಯ ರಂಜಕ (ಫಾಸ್ಫರಸ್) ಕೆರೆಗೆ ಸೇರಿದರೆ ಅಂತರಗಂಗೆ ಕಳೆ ಹಬ್ಬುತ್ತದೆ, ಅದನ್ನು ನೀವೇ ನೋಡಿರುತ್ತೀರಿ.

ಇನ್ನು ಶೌಚಗುಂಡಿಯ ಹೂಳು. ಶೌಚಾಲಯಕ್ಕೆ ಅವಳಿ ಗುಂಡಿ ಇದ್ದರೆ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮುಚ್ಚಿದ್ದನ್ನು ಒಂದೆರಡು ವರ್ಷ ಬಿಟ್ಟರೆ ಗೊಬ್ಬರ. ಸೆಪ್ಟಿಕ್ ಟ್ಯಾಂಕ್ ಆದರೆ ಯಂತ್ರದ ಟ್ಯಾಂಕರ್ ಕರೆಸಬೇಕು. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಗೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಎಳೆದ ಹೂಳು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಒಮ್ಮೆ ಸಂಜೆ ಒಂದು ಟ್ಯಾಂಕರ್ ಊರಾಚೆ ಹಳ್ಳಕ್ಕೆ ಪೈಪ್ ಬಿಟ್ಟು ನಿಂತಿದ್ದನ್ನು ನೋಡಿದ್ದೆ. ಆಗ ಸುಮ್ನೆ ಮೂಗು ಮುಚ್ಚಿಕೊಂಡು ಬಂದಿದ್ದೆ. ಈಗ ಲೆಕ್ಕ ಹಾಕಿದೆ: 3,000 ಲೀಟರ್, ಹೂಳಿನ ಬಿಒಡಿ ಲೀಟರಿಗೆ 5,000 ಮಿಲಿಗ್ರಾಂ ಅಂತ ಹಿಡಿದರೆ 15 ಕೆಜಿ. ಇಡೀ ಊರಿನ ದಿನದ ಹೊರೆ 22.