ಸತ್ತವನನ್ನು ಎಬ್ಬಿಸುವ ಡಾಕ್ಟರ್: ಇಂಗ್ಲೆಂಡಿನ ಮಮ್ಮರ್ಸ್ ಆಟ ಎಷ್ಟು ಹಳೆಯದು?

ಇಬ್ಬರು ವೀರರು ಜಂಬ ಕೊಚ್ಚಿಕೊಂಡು ಕತ್ತಿ ಹಿರಿಯುತ್ತಾರೆ. ಒಬ್ಬ ಸಾಯುತ್ತಾನೆ. ಡಾಕ್ಟರ್ ಬಂದು, ಮೊದಲು ಫೀಸಿನ ಚೌಕಾಸಿ ಮುಗಿಸಿ, ಬಾಟಲಿಯ ಔಷಧಿ ಹಾಕುತ್ತಾನೆ. ಹೆಣ ಎದ್ದು ನಿಲ್ಲುತ್ತದೆ. ಆಮೇಲೆ ಬೀಲ್ಜೆಬಬ್ ಎಂಬ ಪಿಶಾಚಿ ದೊಣ್ಣೆ, ಬಾಣಲೆ ಹಿಡಿದು ಬರುತ್ತಾನೆ. ಇಂಗ್ಲೆಂಡಿನ ಹಳ್ಳಿಗಳ ಮಮ್ಮರ್ಸ್ ಆಟದ ಕಥೆ ಇಷ್ಟೇ.

ಹೆಚ್ಚಿನ ಕಡೆ ಇದು ಕ್ರಿಸ್‌ಮಸ್ ಆಟ. ಚೆಷೈರ್‌ನಲ್ಲಿ ಮಾತ್ರ ನವೆಂಬರ್ ಶುರುವಿಗೆ, ಲ್ಯಾಂಕಷೈರ್ ಕಡೆ ಈಸ್ಟರ್‌ಗೆ.

ಸಾವು, ಮರುಹುಟ್ಟು ಅಂದಮೇಲೆ ಪಂಡಿತರು ಸುಮ್ನೆ ಇರ್ತಾರಾ? 1890ರಲ್ಲಿ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಸಾಯುವ, ಮತ್ತೆ ಹುಟ್ಟುವ ದೇವರುಗಳ ಬಗ್ಗೆ ಬರೆದ. ಅದನ್ನು ಓದಿದವರಿಗೆ ಈ ಆಟದಲ್ಲೂ ಕ್ರೈಸ್ತ ಧರ್ಮಕ್ಕಿಂತ ಹಳೆಯ ಪೂಜೆಯೇ ಕಂಡಿತು.

ದಾಖಲೆ ಹಾಗೆ ಹೇಳುವುದಿಲ್ಲ. ಮುಖ ಮುಚ್ಚಿಕೊಂಡು ಮನೆಮನೆಗೆ ಹೋಗುವ ಪದ್ಧತಿ ಹಳೆಯದು, ನಿಜ. 1511ರಲ್ಲೇ ಎಂಟನೇ ಹೆನ್ರಿ ಅದರ ವಿರುದ್ಧ ಕಾನೂನು ತಂದಿದ್ದ. ಆದರೆ ಡಾಕ್ಟರ್ ಇರುವ ಈ ಆಟದ ಮಾತುಗಳು ಸಿಗುವುದು 18ನೇ ಶತಮಾನದ ನಡುವಿನಿಂದ ಈಚೆಗೆ. ಅಗ್ಗದ ಪುಸ್ತಿಕೆಗಳಲ್ಲಿ ಅಚ್ಚಾಗಿ ಅವು ಊರೂರಿಗೆ ಹರಡಿದವು.

ನನಗನ್ನಿಸುವಂತೆ ಕಾರಣ ದೇವರಲ್ಲ, ಹೊಟ್ಟೆ. ಚಳಿಗಾಲದಲ್ಲಿ ಕೂಲಿಯವರಿಗೆ ಕೆಲಸ ಕಡಿಮೆ. ಆಟ ಕಟ್ಟಿದರೆ ಕಾಸು, ಬಿಯರ್, ತಿಂಡಿ ಸಿಗುತ್ತಿತ್ತು. ಲಿಂಕನ್‌ಷೈರ್ ಕಡೆ ಜನವರಿಯಲ್ಲಿ ‘ನೇಗಿಲ ಸೋಮವಾರ’ ಎಂಬ ಹಬ್ಬದ ದಿನ ಆಳುಗಳು ನೇಗಿಲನ್ನೇ ಎಳೆದುಕೊಂಡು ಬರುತ್ತಿದ್ದರು. ಕೊಡದವರ ಅಂಗಳ ಉತ್ತುಬಿಡುತ್ತಿದ್ದರಂತೆ! ಮುಖಕ್ಕೆ ಮಸಿ ಬಳಿದಿದ್ದರೆ ಇಂಥವನೇ ಅಂತ ಗುರುತು ಹಿಡಿಯುವುದೂ ಕಷ್ಟ, ಅಲ್ವಾ?

ಮೊದಲ ಮಹಾಯುದ್ಧ ಎಷ್ಟೋ ತಂಡಗಳನ್ನು ಮುಗಿಸಿತು. ಈ ಆಟಗಳ ಮಾತುಗಳನ್ನು ಸಂಗ್ರಹಿಸುತ್ತಿದ್ದ ರೆಜಿನಾಲ್ಡ್ ಟಿಡ್ಡಿ ಕೂಡ 1916ರಲ್ಲಿ ಯುದ್ಧದಲ್ಲೇ ಸತ್ತ. ಗ್ಲಾಸ್ಟರ್‌ಷೈರ್‌ನ ಮಾರ್ಷ್‌ಫೀಲ್ಡ್‌ನಲ್ಲಿ ಆಟ ನಿಂತೇ ಹೋಗಿತ್ತು. 1930ರ ಸುಮಾರಿಗೆ ಅಲ್ಲಿನ ಪಾದ್ರಿಗೆ ತೋಟದ ಮಾಲಿ ಏನೋ ಪದ್ಯ ಗೊಣಗುವುದು ಕೇಳಿಸಿತಂತೆ. ಪಾದ್ರಿಯ ಸಹೋದರಿ ವಯೊಲೆಟ್ ಆಲ್ಫರ್ಡ್ ಜಾನಪದ ತಜ್ಞೆ. ಆಕೆ ಹಳಬರನ್ನು ಹುಡುಕಿ, ಅವರ ನೆನಪಿನಿಂದ ಆಟವನ್ನು ಮತ್ತೆ ಕಟ್ಟಿಸಿದಳು.

ಈಗಲೂ ಡಿಸೆಂಬರ್ 26ಕ್ಕೆ ಅಲ್ಲಿ ಮೈತುಂಬ ಕಾಗದದ ಪಟ್ಟಿ ಹೊದ್ದವರು ಬೀದಿಗಿಳಿಯುತ್ತಾರೆ. ಹೊಟ್ಟೆಪಾಡಿನ ಒತ್ತಡ ಇಲ್ಲದ ಇಂದಿನ ಎಷ್ಟೋ ತಂಡಗಳು, ಸಿಕ್ಕ ಹಣವನ್ನು ದಾನಕ್ಕೆ ಕೊಡುತ್ತವೆ.